ಸುಡಾನ್‌ಗೆ ಎರಡು ಸೈನ್ಯ ಹೇಗೆ ಬಂತು?

ಪ್ರಶ್ನೆ: ಸರ್, ನಮ್ಮೂರು ಚನ್ನಗಿರಿ ಹತ್ರ. 2023ರಲ್ಲಿ ನಮ್ ಕಡೆ ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಸಿಕ್ಕಾಕ್ಕೊಂಡಿದ್ರಲ್ಲ, ಅವತ್ತಿಂದ ಆ ದೇಶದ ಸುದ್ದಿ ಬಂದ್ರೆ ಬಿಡದೆ ಓದ್ತೀನಿ. ಆದ್ರೆ ಒಂದು ವಿಷ್ಯ ತಲೆಗೇ ಹೋಗಲ್ಲ. ಒಂದು ಕಡೆ ಸೈನ್ಯ ಅಂತಾರೆ, ಇನ್ನೊಂದು ಕಡೆ ಆರ್‌ಎಸ್‌ಎಫ್ ಅಂತಾರೆ, ಅವರಿಗೂ ಯೂನಿಫಾರ್ಮ್ ಇದೆ, ಅದರ ಮುಖ್ಯಸ್ಥನೂ ಜನರಲ್ಲೇ. ಒಂದು ದೇಶಕ್ಕೆ ಎರಡು ಸೈನ್ಯ ಹೇಗಿರುತ್ತೆ? ನಮ್ಮಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್ ಇದಾವಲ್ಲ, ಹಾಗೇನಾ? ಪೊಲೀಸು, ಗುಪ್ತಚರ ಇಲಾಖೆ ಎಲ್ಲ ಏನ್ ಮಾಡ್ತಿದ್ರು? ನಾಳೆ ಯುದ್ಧ ನಿಂತ್ರೆ ಮತ್ತೆ ಒಂದೇ ಸೈನ್ಯ ಆಗುತ್ತಾ? ಆಫ್ರಿಕಾದಲ್ಲಿ ಎಲ್ಲಾ ಕಡೆ ಹೀಗೇನಾ?

ಉತ್ತರ:

ನಿಮ್ಮ ಪ್ರಶ್ನೆ ಇರಬೇಕಾದ ಜಾಗದಲ್ಲೇ ಇದೆ. ನಮ್ಮ ಟಿವಿಗಳಲ್ಲಿ ಸುಡಾನ್ ಸುದ್ದಿ "ಇಬ್ಬರು ಜನರಲ್‌ಗಳ ಜಗಳ" ಅಂತ ಶುರುವಾಗಿ ಅಲ್ಲಿಗೇ ಮುಗಿದುಹೋಗುತ್ತೆ, ಆ ಇಬ್ಬರ ಕೈಗೆ ಬೇರೆ ಬೇರೆ ಸೈನ್ಯ ಬಂದಿದ್ದಾದ್ರೂ ಹೇಗೆ ಅಂತ ಯಾರೂ ಕೇಳಲ್ಲ. ನಾನು ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಉಳಿದಿದ್ದೆಲ್ಲ ಅದರ ವಿವರಣೆ ಅಂದ್ಕೊಳ್ಳಿ. ಆರ್‌ಎಸ್‌ಎಫ್, ಅಂದ್ರೆ ರಾಪಿಡ್ ಸಪೋರ್ಟ್ ಫೋರ್ಸಸ್, ಕಾಡಿಂದ ಎದ್ದು ಬಂದ ಬಂಡುಕೋರರ ಗುಂಪಲ್ಲ. ಸರ್ಕಾರ ಕಾನೂನು ಮಾಡಿ, ಸಂಬಳ ಕೊಟ್ಟು, ರ‍್ಯಾಂಕ್ ಕೊಟ್ಟು ಬೆಳೆಸಿದ ಪಡೆ ಅದು, ಮತ್ತೆ ಅದನ್ನ ಬೆಳೆಸಿದ್ರಲ್ಲಿ ಇವತ್ತು ಅದರ ಜೊತೆ ಹೊಡೆದಾಡ್ತಿರೋ ಸೈನ್ಯದ್ದೇ ದೊಡ್ಡ ಕೈ ಇದೆ.

ಸ್ವಲ್ಪ ಹಿಂದಿಂದ ಬರೋಣ. ಸುಡಾನ್ ಸೈನ್ಯದ ಮೂಲ ಬ್ರಿಟಿಷರು 1925ರಲ್ಲಿ ಕಟ್ಟಿದ ಸುಡಾನ್ ಡಿಫೆನ್ಸ್ ಫೋರ್ಸ್. ಅದರ ಹಿಂದಿನ ವರ್ಷ ರಾಜಧಾನಿ ಖಾರ್ತೂಮ್‌ನಲ್ಲಿ ದಂಗೆ ಆಗಿತ್ತು, ಅದಾದ ಮೇಲೆ ಈಜಿಪ್ಟ್ ಪಡೆಗಳನ್ನ ಹೊರಗೆ ಕಳಿಸಿ ಸ್ಥಳೀಯ ಪಡೆ ಮಾಡಿದ್ರು. ಎರಡನೇ ಮಹಾಯುದ್ಧದಲ್ಲಿ ಈ ಪಡೆ ನಮ್ಮ ಭಾರತೀಯ ಡಿವಿಜನ್‌ಗಳ ಜೊತೆ ಸೇರಿ ಇಟಲಿಯವರ ವಿರುದ್ಧ ಹೋರಾಡಿತ್ತು. ಪುಣೆ ಹತ್ರ ಖಡಕ್ವಾಸ್ಲಾದಲ್ಲಿ ಸೇನಾ ಅಧಿಕಾರಿಗಳಿಗೆ ತರಬೇತಿ ಕೊಡೋ ಎನ್‌ಡಿಎ ಅಕಾಡೆಮಿ ನೋಡಿದೋರಿಗೆ ಗೊತ್ತಿರುತ್ತೆ, ಅಲ್ಲಿನ ಮುಖ್ಯ ಕಟ್ಟಡದ ಹೆಸರೇ ಸುಡಾನ್ ಬ್ಲಾಕ್. ಆ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರ ನೆನಪಿಗೆ ಅಂತ ಸುಡಾನ್ ಸರ್ಕಾರ 1 ಲಕ್ಷ ಪೌಂಡ್ ಕೊಟ್ಟಿತ್ತು, ಅದರಲ್ಲಿ ಭಾರತದ ಪಾಲಿಗೆ ಬಂದ ದುಡ್ಡು ಹೋಗಿದ್ದು ಅಲ್ಲಿಗೆ. ಇನ್ನೊಂದು, ಸುಡಾನ್‌ನ ಮೊದಲ ಚುನಾವಣೆ 1953ರಲ್ಲಿ ನಡೀತಲ್ಲ, ಅದನ್ನ ನಡೆಸಿಕೊಟ್ಟಿದ್ದು ನಮ್ಮ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಇದನ್ನ ಯಾಕೆ ಹೇಳ್ದೆ ಅಂದ್ರೆ ಆ ದೇಶ ಶುರುವಾಗಿದ್ದು ಬಂದೂಕಿನಿಂದ ಅಲ್ಲ, ಓಟಿನಿಂದಾನೇ.

ಆದ್ರೆ 1956ರ ಜನವರಿ 1ಕ್ಕೆ ಸ್ವಾತಂತ್ರ್ಯ ಬರೋದಕ್ಕೂ ಮುಂಚೆನೇ, 1955ರ ಆಗಸ್ಟ್‌ನಲ್ಲಿ ದಕ್ಷಿಣದ ಟೋರಿಟ್‌ನಲ್ಲಿ ಸೈನಿಕರು ದಂಗೆ ಎದ್ದರು. ನೈಲ್ ನದಿ ದಂಡೆಯ ಅರಬ್ ಮುಸ್ಲಿಂ ಜನ ಆಫೀಸರ್‌ಗಳು, ದಕ್ಷಿಣದೋರು ಬರೀ ಸಿಪಾಯಿಗಳು, ನಾಳೆ ಬ್ರಿಟಿಷರು ಹೋದ್ಮೇಲೆ ನಮ್ಮ ಗತಿ ಏನು ಅನ್ನೋ ಭಯ. ಈ ಮೇಲೆ-ಕೆಳಗೆ ವ್ಯತ್ಯಾಸ ಸುಡಾನ್ ಸೈನ್ಯದ ಮೂಳೆಯೊಳಗೇ ಇದೆ ಅಂತ ಅನ್ಕೊಳ್ಳಿ: ಆಫೀಸರ್‌ಗಳು ಹೆಚ್ಚಾಗಿ ಖಾರ್ತೂಮ್ ಮತ್ತೆ ಅದರ ಉತ್ತರದ ನದಿ ಸೀಮೆಯೋರು, ಕಾಲಾಳುಗಳು ಹೆಚ್ಚಾಗಿ ಪಶ್ಚಿಮದ ಡಾರ್ಫುರ್, ಕೊರ್ಡೊಫಾನ್, ನೂಬಾ ಬೆಟ್ಟದ ಬಡ ಹುಡುಗರು. ಮುಂದೆ ಆಗಿದ್ದಕ್ಕೆಲ್ಲ ಇದು ಬೇಕಾಗುತ್ತೆ, ನೆನಪಿಟ್ಕೊಳ್ಳಿ.

ಮತ್ತೆ ಕ್ಷಿಪ್ರಕ್ರಾಂತಿಗಳು. 1958ರಲ್ಲಿ ಅಬ್ಬೂದ್, 1969ರಲ್ಲಿ ನಿಮೇರಿ, 1989ರ ಜೂನ್ 30ಕ್ಕೆ ಬ್ರಿಗೇಡಿಯರ್ ಒಮರ್ ಅಲ್ ಬಶೀರ್. ನಡುನಡುವೆ ವಿಫಲ ಆದವು ಬೇರೆ. ಹೀಗಿರೋ ದೇಶದಲ್ಲಿ ಕುರ್ಚಿ ಮೇಲೆ ಕೂತೋನಿಗೆ ದೊಡ್ಡ ಶತ್ರು ಗಡಿ ಆಚೆ ಇರಲ್ಲ, ತನ್ನದೇ ಬ್ಯಾರಕ್‌ನಲ್ಲಿ ಇರ್ತಾನೆ. ಬಶೀರ್‌ಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಯಾಕಂದ್ರೆ ಆತ ಬಂದಿದ್ದೇ ಆ ದಾರೀಲಿ. ಅಧಿಕಾರಕ್ಕೆ ಬಂದು ವರ್ಷ ತುಂಬೋದ್ರೊಳಗೆ, 1990ರ ಏಪ್ರಿಲ್‌ನಲ್ಲಿ, ತನ್ನ ವಿರುದ್ಧ ಸಂಚು ಮಾಡಿದ್ರು ಅಂತ 28 ಆಫೀಸರ್‌ಗಳನ್ನ ಗುಂಡಿಟ್ಟು ಕೊಲ್ಲಿಸಿದ. ಆಮೇಲೆ 30 ವರ್ಷ ಆತ ಮಾಡಿದ ಕೆಲಸ ಒಂದೇ: ಯಾವ ಒಂದು ಪಡೆಯ ಕೈಲೂ ತನ್ನನ್ನ ಇಳಿಸೋವಷ್ಟು ಬಲ ಇರಬಾರದು, ಒಬ್ಬರ ಮೇಲೆ ಇನ್ನೊಬ್ಬರು ಕಣ್ಣಿಟ್ಟಿರಬೇಕು. ಸೈನ್ಯ ಇತ್ತು, ಅದರ ಪಕ್ಕದಲ್ಲಿ 1989ರಲ್ಲೇ ಪಾಪ್ಯುಲರ್ ಡಿಫೆನ್ಸ್ ಫೋರ್ಸಸ್ ಅಂತ ಒಂದು ಮಾಡಿ ಧರ್ಮಯುದ್ಧ ಅಂತ ತಲೆಗೆ ತುಂಬಿ ಕಾಲೇಜು ಹುಡುಗರನ್ನೆಲ್ಲ ದಕ್ಷಿಣದ ಯುದ್ಧಕ್ಕೆ ಕಳಿಸಿದ್ರು, ಅವೆಲ್ಲದರ ಮೇಲೆ ಗುಪ್ತಚರ ಸಂಸ್ಥೆ ಎನ್‌ಐಎಸ್‌ಎಸ್.

ಗುಪ್ತಚರ ಅಂದ ತಕ್ಷಣ ನಮಗೆ ಐಬಿ, ರಾ ನೆನಪಾಗುತ್ತೆ, ಮಾಹಿತಿ ಕಲೆಹಾಕ್ತಾರೆ, ವರದಿ ಕೊಡ್ತಾರೆ. ಇದು ಹಾಗಲ್ಲ. ಎನ್‌ಐಎಸ್‌ಎಸ್‌ಗೆ ಜನರನ್ನ ಬಂಧಿಸೋ ಅಧಿಕಾರ ಇತ್ತು, ಕೋರ್ಟಿನ ಮುಂದೆ ನಿಲ್ಲಿಸದೇನೇ ತಿಂಗಳುಗಟ್ಟಲೆ ಇಟ್ಕೊಳ್ಳೋ ಅಧಿಕಾರ ಇತ್ತು, ಅದರ ಸಿಬ್ಬಂದಿ ಮೇಲೆ ಕೇಸ್ ಹಾಕೋ ಹಾಗೂ ಇರ್ಲಿಲ್ಲ. 1990ರ ದಶಕದಲ್ಲಿ ಖಾರ್ತೂಮ್‌ನಲ್ಲಿ ಗುಟ್ಟಾಗಿ ಜನರನ್ನ ಕೂಡಿ ಹಾಕಿ ಹಿಂಸೆ ಕೊಡ್ತಿದ್ದ ಮನೆಗಳಿದ್ವು, ದೆವ್ವದ ಮನೆ ಅಂತ ಜನ ಕರೀತಿದ್ರು, ಡಾಕ್ಟರ್‌ಗಳು, ವಕೀಲರು, ಯೂನಿಯನ್‌ನೋರು ಎಷ್ಟೋ ಜನ ಅಲ್ಲಿ ಹೋಗಿ ಬಂದೋರೇ. ಸಾಲದ್ದಕ್ಕೆ ಅದಕ್ಕೆ ಸ್ವಂತ ಸಶಸ್ತ್ರ ಪಡೆ ಬೇರೆ. ನೀವು ಪೊಲೀಸರ ಬಗ್ಗೆ ಕೇಳಿದ್ರಿ. ಪೊಲೀಸರೊಳಗೂ ಸೆಂಟ್ರಲ್ ರಿಸರ್ವ್ ಪೊಲೀಸ್ ಅಂತ ಒಂದು ಪಡೆ ಇದೆ, ಜನ ಅಬು ತೀರಾ ಅಂತಾರೆ, ಹೆಸರು ಕೇಳಿದ್ರೆ ನಮ್ಮ ಸಿಆರ್‌ಪಿಎಫ್ ಥರ ಅನ್ಸುತ್ತೆ, ಆದ್ರೆ ಡಾರ್ಫುರ್‌ನಲ್ಲಿ ಅದು ಯುದ್ಧ ಮಾಡಿದ ಪಡೆ. 2021ರ ಕ್ಷಿಪ್ರಕ್ರಾಂತಿ ಆದ್ಮೇಲೆ ಬೀದಿಗಿಳಿದ ಜನರ ಮೇಲೆ ಗುಂಡು ಹಾರಿಸಿದ್ದಕ್ಕೆ 2022ರಲ್ಲಿ ಅಮೆರಿಕ ಅದರ ಮೇಲೆ ನಿರ್ಬಂಧ ಹಾಕ್ತು.

ಈಗ ಡಾರ್ಫುರ್‌ಗೆ ಬರೋಣ, ವಿಷಯದ ಹೃದಯ ಇರೋದು ಅಲ್ಲಿ.

ಬುಡಕಟ್ಟಿನೋರ ಕೈಗೆ ಬಂದೂಕು ಕೊಟ್ಟು ಯುದ್ಧ ಮಾಡಿಸೋದನ್ನ ಬಶೀರ್ ಕಂಡುಹಿಡಿದಿದ್ದಲ್ಲ. 1980ರ ದಶಕದಲ್ಲೇ, ದಕ್ಷಿಣದ ಬಂಡುಕೋರರ ವಿರುದ್ಧ ದನ ಮೇಯಿಸೋ ಅರಬ್ ಬುಡಕಟ್ಟುಗಳ ಹುಡುಗರಿಗೆ ಆಯುಧ ಕೊಟ್ಟಿದ್ರು, ಸಾದಿಕ್ ಅಲ್ ಮಹ್ದಿ ಅವರ ಚುನಾಯಿತ ಸರ್ಕಾರ ಇದ್ದಾಗಲೂ ಅದು ನಡೀತಾನೇ ಇತ್ತು. ಸಂಬಳ ಕೊಡೋ ಹಂಗಿಲ್ಲ, ಲೂಟಿ ಮಾಡಿದ್ದೇ ಸಂಬಳ, ದನ ಹೊಡ್ಕೊಂಡು ಬಂದ್ರೆ ಅವರದ್ದೇ. ಖಾರ್ತೂಮ್‌ನೋರಿಗೆ ಅಗ್ಗದ ಯುದ್ಧ, ದಕ್ಷಿಣದ ಡಿಂಕಾ ಬುಡಕಟ್ಟಿನ ಹಳ್ಳಿಗಳಿಗೆ ನರಕ.

2003ರ ಏಪ್ರಿಲ್ 25ರ ಬೆಳಗ್ಗೆ ಡಾರ್ಫುರ್‌ನ ಬಂಡುಕೋರರು ಅಲ್ಲಿನ ದೊಡ್ಡ ಊರು ಎಲ್ ಫಾಶರ್‌ನ ಏರ್‌ಪೋರ್ಟ್ ಮೇಲೆ ದಾಳಿ ಮಾಡಿ, ನಿಂತಿದ್ದ ಯುದ್ಧವಿಮಾನಗಳನ್ನ ಸುಟ್ಟುಹಾಕಿ, ಅಲ್ಲಿನ ವಾಯುಪಡೆ ಕಮಾಂಡರ್‌ನೇ ಹಿಡ್ಕೊಂಡು ಹೋದ್ರು. ಸೈನ್ಯಕ್ಕೆ ಅಷ್ಟು ದೊಡ್ಡ ಅವಮಾನ ಆಗಿದ್ದು ಅದೇ ಮೊದಲು. ತಿರುಗಿ ಹೊಡೆಯೋಕೆ ಹೋದ್ರೆ ಸಮಸ್ಯೆ ಏನು ಗೊತ್ತಾ, ಮೇಲೆ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಸಿಪಾಯಿಗಳಲ್ಲಿ ಎಷ್ಟೋ ಜನ ಡಾರ್ಫುರ್‌ನೋರೇ. ತಮ್ಮ ಹಳ್ಳಿ, ತಮ್ಮ ಅಪ್ಪ ಅಮ್ಮನ ಮೇಲೆ ಗುಂಡು ಹಾರಿಸು ಅಂದ್ರೆ ಅವರು ಹಾರಿಸ್ತಾರಾ? ಖಾರ್ತೂಮ್‌ಗೆ ಅವರ ಮೇಲೆ ನಂಬಿಕೆ ಇರ್ಲಿಲ್ಲ. ಹಾಗಾಗಿ ಮಿಲಿಟರಿ ಇಂಟೆಲಿಜೆನ್ಸ್‌ನೋರು ಒಂಟೆ, ದನ ಮೇಯಿಸೋ ಅರಬ್ ಬುಡಕಟ್ಟುಗಳಿಂದ ಹುಡುಗರನ್ನ ಸೇರಿಸಿದ್ರು. ಅವರನ್ನೇ ಜಂಜವೀದ್ ಅಂತ ಜಗತ್ತು ಕೇಳಿದ್ದು. ಮೊದಲು ಸೈನ್ಯದ ಅಂಟೊನೊವ್ ವಿಮಾನ ಮೇಲಿಂದ ಬಾಂಬ್ ಹಾಕೋದು, ಆಮೇಲೆ ಕುದುರೆ, ಒಂಟೆ, ಪಿಕಪ್ ಮೇಲೆ ಇವರು ಹಳ್ಳಿಗೆ ನುಗ್ಗೋದು, ಗಂಡಸರನ್ನ ಕೊಂದು, ಹೆಣ್ಮಕ್ಕಳ ಮೇಲೆ ಅತ್ಯಾಚಾರ ಮಾಡಿ, ಬಾವಿಗಳನ್ನ ಹಾಳು ಮಾಡಿ ಹೋಗೋದು. ವಿಶ್ವಸಂಸ್ಥೆ ಅಂದಾಜಿನ ಪ್ರಕಾರ ಸುಮಾರು 3 ಲಕ್ಷ ಜನ ಸತ್ರು, 25 ಲಕ್ಷ ಜನ ಮನೆ ಬಿಟ್ರು. 2009ರಲ್ಲಿ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಬಶೀರ್ ಮೇಲೆ ವಾರಂಟ್ ಹೊರಡಿಸ್ತು, ಇವತ್ತಿಗೂ ಆತನನ್ನ ಒಪ್ಪಿಸಿಲ್ಲ. ಜಂಜವೀದ್ ನಾಯಕ ಅಲಿ ಕುಶೈಬ್ ಒಬ್ಬ ಹೇಗ್ ನಗರದಲ್ಲಿರೋ ಅದೇ ಕೋರ್ಟಲ್ಲಿ 2025ರ ಅಕ್ಟೋಬರ್‌ನಲ್ಲಿ ತಪ್ಪಿತಸ್ಥ ಅಂತ ತೀರ್ಪಾಯ್ತು, ಅಷ್ಟು ವರ್ಷ ಆದ್ಮೇಲೆ.

ಇದರಲ್ಲಿ ಸೈನ್ಯಕ್ಕೆ ಆದ ಬದಲಾವಣೆ ಏನು ಅನ್ನೋದನ್ನ ಯಾರೂ ಅಷ್ಟಾಗಿ ಮಾತಾಡಲ್ಲ, ನನಗೆ ಅದೇ ಮುಖ್ಯ ಅನ್ಸುತ್ತೆ. ನೆಲದ ಮೇಲೆ ಓಡಾಡಿ ಸಾಯೋ ಕೆಲಸ ಎಲ್ಲ ಹೊರಗಿನೋರಿಗೆ ಗುತ್ತಿಗೆ ಕೊಟ್ಟು, ಸೈನ್ಯ ತನ್ನ ಹತ್ರ ವಿಮಾನ, ಟ್ಯಾಂಕ್, ಫಿರಂಗಿ ಇಟ್ಕೊಂಡ್ತು. ಆಫೀಸರ್‌ಗಳು ಕಂಪನಿ ನಡೆಸೋಕೆ ನಿಂತ್ರು, ಆಯುಧ ಕಾರ್ಖಾನೆಯಿಂದ ಹಿಡಿದು ಮಾಂಸ ರಫ್ತು, ಹಿಟ್ಟಿನ ಗಿರಣಿವರೆಗೆ, ಅದ್ಯಾವುದರ ಲೆಕ್ಕವೂ ಹಣಕಾಸು ಇಲಾಖೆಗೆ ಸಿಗ್ತಿರ್ಲಿಲ್ಲ. ಕಾಲಾಳು ಪಡೆ ಸೊರಗ್ತಾ ಬಂತು. 2023ರಲ್ಲಿ ಅದರ ಬೆಲೆ ತೆತ್ತರು, ಅದಕ್ಕೆ ಬರ್ತೀನಿ.

ಜಂಜವೀದ್ ಹುಡುಗರಲ್ಲಿ ಒಬ್ಬ ಮೊಹಮ್ಮದ್ ಹಮ್ದಾನ್ ಡಗಾಲೊ, ಎಲ್ಲರೂ ಹೆಮೆಡ್ತಿ ಅನ್ನೋದು. ರಿಜೈಗಾತ್ ಬುಡಕಟ್ಟು, ಓದು ಅರ್ಧಕ್ಕೆ ಬಿಟ್ಟೋನು, ಒಂಟೆ ವ್ಯಾಪಾರ. ಮಿಲಿಟರಿ ಕಾಲೇಜಿನ ಮೆಟ್ಟಿಲು ಹತ್ತಿಲ್ಲ. ಆ ಕಾಲಕ್ಕೆ ದೊಡ್ಡ ನಾಯಕ ಮೂಸಾ ಹಿಲಾಲ್, ಆದ್ರೆ ಹಿಲಾಲ್ ಖಾರ್ತೂಮ್ ಜೊತೆ ಮುನಿಸಿಕೊಂಡು ದೂರ ಆದಾಗ ಬಶೀರ್‌ಗೆ ಬೇರೆ ಆಳು ಬೇಕಾಯ್ತು. 2013ರಲ್ಲಿ ಹೆಮೆಡ್ತಿ ಕೆಳಗೆ ರಾಪಿಡ್ ಸಪೋರ್ಟ್ ಫೋರ್ಸಸ್ ಹುಟ್ಟಿತು, ಅದೇ ಆರ್‌ಎಸ್‌ಎಫ್. ಗಮನಿಸಿ, ಅದನ್ನ ಸೈನ್ಯದ ಕೆಳಗೆ ಇಡ್ಲಿಲ್ಲ, ಎನ್‌ಐಎಸ್‌ಎಸ್ ಕೆಳಗೆ ಇಟ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ಸಬ್ಸಿಡಿ ತೆಗೆದಿದ್ದಕ್ಕೆ ಖಾರ್ತೂಮ್‌ನಲ್ಲಿ ಜನ ಬೀದಿಗಿಳಿದಾಗ ಸುಮಾರು 200 ಜನ ಗುಂಡಿಗೆ ಬಲಿಯಾದ್ರು. ಡಾರ್ಫುರ್‌ನಲ್ಲಿ ನಡೀತಿದ್ದಿದ್ದು ರಾಜಧಾನಿಯ ಬಾಗಿಲಿಗೆ ಬಂದಿತ್ತು.

2017ರ ಜನವರಿಯಲ್ಲಿ ಪಾರ್ಲಿಮೆಂಟ್‌ನಲ್ಲಿ ಆರ್‌ಎಸ್‌ಎಫ್ ಕಾನೂನು ಪಾಸಾಯ್ತು. ಕಾಗದದ ಮೇಲೆ ಸೈನ್ಯದ ಭಾಗ, ನಿಜದಲ್ಲಿ ನೇರ ಅಧ್ಯಕ್ಷನಿಗೆ ಉತ್ತರ ಕೊಡೋ ಪಡೆ. ಅದೇ ವರ್ಷದ ಕೊನೇಲಿ ಹೆಮೆಡ್ತಿ ಜನ ಮೂಸಾ ಹಿಲಾಲ್‌ನ ಬಂಧಿಸಿದ್ರು, ಅದರ ಜೊತೆ ಉತ್ತರ ಡಾರ್ಫುರ್‌ನ ಜೆಬೆಲ್ ಆಮಿರ್ ಚಿನ್ನದ ಗಣಿ ಅವರ ಕೈಗೆ ಬಂತು. ಇಲ್ಲಿಂದ ಕಥೆ ಬೇರೆ ಆಗುತ್ತೆ. ಚಿನ್ನ ತೆಗೆಯೋದು, ಕುಟುಂಬದ ಅಲ್ ಜುನೈದ್ ಕಂಪನಿ ಮೂಲಕ ಮಾರೋದು, ಬಹುಪಾಲು ದುಬೈ ಕಡೆಗೆ. 2015ರಿಂದ ಯೆಮೆನ್ ಯುದ್ಧಕ್ಕೆ ಸೌದಿ, ಯುಎಇ ಪರವಾಗಿ ಸುಡಾನ್ ಹುಡುಗರನ್ನ ಕಳಿಸಿದ್ರು, ಸೈನ್ಯದೋರೂ ಹೋದ್ರು, ಆರ್‌ಎಸ್‌ಎಫ್‌ನೋರು ಸಾವಿರ ಸಾವಿರ ಜನ ಹೋದ್ರು, ಆ ದುಡ್ಡೂ ಬಂತು, ಗಲ್ಫ್ ದೊರೆಗಳ ಪರಿಚಯಾನೂ ಆಯ್ತು. ಸರ್ಕಾರ ನಾಳೆ ಸಂಬಳ ನಿಲ್ಲಿಸಿದ್ರೂ ನಡೆಯೋ ಪಡೆ ಅದು ಅಷ್ಟೊತ್ತಿಗೆ.

ಬಿಎಸ್‌ಎಫ್ ಥರಾನಾ ಅಂತ ನೀವು ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ಬಹಳ ದೇಶಗಳಲ್ಲಿ ಸೈನ್ಯದ ಜೊತೆಗೆ ಬೇರೆ ಸಶಸ್ತ್ರ ಪಡೆಗಳು ಇರ್ತವೆ, ಅದೇ ತಪ್ಪು ಅಂತ ನಾನು ಹೇಳಲ್ಲ. ನಮ್ಮ ಬಿಎಸ್‌ಎಫ್‌ಗೆ ಹುಡುಗರು ಎಸ್‌ಎಸ್‌ಸಿ ಜಿಡಿ ಪರೀಕ್ಷೆ ಬರೆದು ಇಡೀ ದೇಶದಿಂದ ಬರ್ತಾರೆ, ದಾವಣಗೆರೆ ಹುಡುಗ ರಾಜಸ್ಥಾನದಲ್ಲಿ ಇರ್ತಾನೆ, ಅದರ ಡಿಜಿ ಇವತ್ತೊಬ್ಬರು ನಾಳೆ ಇನ್ನೊಬ್ಬರು, ಕುಟುಂಬದ ಆಸ್ತಿ ಅಲ್ಲ. ಖರ್ಚು ಪಾರ್ಲಿಮೆಂಟ್ ಒಪ್ಪಿದ ಬಜೆಟ್ಟಿಂದ, ಸಿಎಜಿ ಲೆಕ್ಕ ನೋಡ್ತಾರೆ. ಆರ್‌ಎಸ್‌ಎಫ್‌ನಲ್ಲಿ ಹೆಮೆಡ್ತಿ ಮುಖ್ಯಸ್ಥ, ಅವನ ಸಹೋದರ ಅಬ್ದೆಲ್‌ರಹೀಂ ಉಪಮುಖ್ಯಸ್ಥ, ಹುಡುಗರ ನೇಮಕ ಹೆಚ್ಚಾಗಿ ತಮ್ಮ ಮತ್ತೆ ಅಕ್ಕಪಕ್ಕದ ಬುಡಕಟ್ಟುಗಳಿಂದ, ದುಡ್ಡು ಸ್ವಂತ ಗಣಿಯಿಂದ, ಆಯುಧ ಸ್ವಂತ ವ್ಯವಹಾರದಿಂದ. ಯೂನಿಫಾರ್ಮ್ ಸರ್ಕಾರದ್ದು, ಉಳಿದಿದ್ದೆಲ್ಲ ಮನೆತನದ್ದು. ನನ್ನನ್ನ ಕೇಳಿದ್ರೆ ಯಾವ ಪಡೆ ಅಪಾಯ, ಯಾವುದು ಅಲ್ಲ ಅಂತ ತಿಳ್ಕೊಳ್ಳೋಕೆ ಎಷ್ಟು ಬಂದೂಕಿದೆ ಅಂತ ಎಣಿಸೋದಕ್ಕಿಂತ ಸಂಬಳದ ದುಡ್ಡು ಎಲ್ಲಿಂದ ಬರುತ್ತೆ, ಯಾರನ್ನ ಯಾರು ವರ್ಗ ಮಾಡಬಹುದು ಅಂತ ನೋಡೋದು ಮೇಲು.

ಬಶೀರ್ ಲೆಕ್ಕಾಚಾರ ಕೊನೆಗೆ ಬಶೀರ್‌ನ ಉಳಿಸ್ಲಿಲ್ಲ. 2018ರ ಡಿಸೆಂಬರ್‌ನಲ್ಲಿ ಅಟ್ಬರಾ ಅನ್ನೋ ರೈಲ್ವೆ ಊರಲ್ಲಿ ಬ್ರೆಡ್ ರೇಟ್ ಏರಿದ್ದಕ್ಕೆ ಶುರುವಾದ ಪ್ರತಿಭಟನೆ ದೇಶ ಪೂರ್ತಿ ಹಬ್ಬಿತು, 2019ರ ಏಪ್ರಿಲ್ 6ಕ್ಕೆ ಲಕ್ಷಾಂತರ ಜನ ಖಾರ್ತೂಮ್‌ನ ಸೇನಾ ಕೇಂದ್ರ ಕಚೇರಿ ಮುಂದೆ ಬಂದು ಕೂತ್ರು. ಅವರನ್ನ ಚದುರಿಸೋಕೆ ಭದ್ರತಾ ಪಡೆಯೋರು ಬಂದಾಗ ಸೈನ್ಯದ ಕೆಳಹಂತದ ಹುಡುಗರು ಜನರ ಪರ ನಿಂತು ತಿರುಗಿ ಗುಂಡು ಹಾರಿಸಿದ್ರು, ಅದು ಆ ಕ್ರಾಂತಿಯ ದೊಡ್ಡ ಕ್ಷಣ. ಏಪ್ರಿಲ್ 11ಕ್ಕೆ ಸೈನ್ಯ, ಆರ್‌ಎಸ್‌ಎಫ್, ಗುಪ್ತಚರ, ಮೂವರೂ ಒಟ್ಟಾಗಿ ಬಶೀರ್‌ನ ಇಳಿಸಿದ್ರು. ಸೈನ್ಯದ ಜನರಲ್ ಅಬ್ದೆಲ್ ಫತ್ತಾಹ್ ಅಲ್ ಬುರ್ಹಾನ್ ಮೇಲೆ ಬಂದ್ರು, ಹೆಮೆಡ್ತಿ ಅವರ ಉಪನಾಯಕ. ಜೂನ್ 3ರ ಬೆಳಗಿನ ಜಾವ ಅದೇ ಧರಣಿ ಜಾಗಕ್ಕೆ ಪಡೆಗಳು ನುಗ್ಗಿ ನೂರಕ್ಕೂ ಹೆಚ್ಚು ಜನರನ್ನ ಕೊಂದ್ರು, ಎಷ್ಟೋ ಹೆಣಗಳನ್ನ ನೈಲ್ ನದಿಗೆ ಎಸೆದ್ರು. ಮುಂದೆ ನಿಂತಿದ್ದು ಆರ್‌ಎಸ್‌ಎಫ್, ಆದ್ರೆ ಅದಾಗಿದ್ದು ಸೇನಾ ಕೇಂದ್ರ ಕಚೇರಿಯ ಗೇಟಿನ ಎದುರೇ, ಒಳಗಿದ್ದೋರು ಗೇಟು ತೆಗೀಲಿಲ್ಲ. ಅವತ್ತು ಮಕ್ಕಳನ್ನ ಕಳ್ಕೊಂಡ ತಾಯಂದಿರಿಗೆ ಇವತ್ತಿನವರೆಗೂ ನ್ಯಾಯ ಸಿಕ್ಕಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆರ್‌ಎಸ್‌ಎಫ್ ಸೈನ್ಯದ ಕಾನೂನಿಗೆ ಒಳಪಡುತ್ತೆ ಅಂತ 2017ರ ಕಾನೂನಿನಲ್ಲಿ ಒಂದು ಕಲಂ ಇತ್ತು, 2019ರಲ್ಲಿ ಅದನ್ನ ತೆಗೆದುಹಾಕಿದ್ದು ಬೇರೆ ಯಾರೂ ಅಲ್ಲ, ಬುರ್ಹಾನ್ ಅವರೇ. ಆಗ ಇಬ್ಬರಿಗೂ ಒಬ್ಬರಿಗೊಬ್ಬರು ಬೇಕಿತ್ತು. 2021ರ ಅಕ್ಟೋಬರ್ 25ಕ್ಕೆ ಪ್ರಧಾನಿ ಅಬ್ದಲ್ಲಾ ಹಮ್ದೋಕ್ ಅವರ ನಾಗರಿಕ ಸರ್ಕಾರವನ್ನ ಕಿತ್ತುಹಾಕಿದಾಗಲೂ ಇಬ್ಬರೂ ಜೊತೆಗೇ ಇದ್ರು. ಗುಪ್ತಚರ ಸಂಸ್ಥೆಗೆ 2019ರಲ್ಲಿ ಹೆಸರು ಬದಲಾಯಿಸಿ ಬಂಧಿಸೋ ಅಧಿಕಾರ ಕಿತ್ಕೊಂಡಿದ್ರು, ಕ್ಷಿಪ್ರಕ್ರಾಂತಿ ಆಗಿ ಎರಡೇ ತಿಂಗಳಿಗೆ ಅದನ್ನ ವಾಪಸ್ ಕೊಟ್ರು.

2022ರ ಡಿಸೆಂಬರ್‌ನಲ್ಲಿ ನಾಗರಿಕ ಸರ್ಕಾರಕ್ಕೆ ಅಧಿಕಾರ ಬಿಟ್ಟುಕೊಡೋ ಒಪ್ಪಂದಕ್ಕೆ ಸಹಿ ಆಯ್ತು, ಅದರಲ್ಲಿ ಎಲ್ಲ ಪಡೆಗಳೂ ಸೇರಿ ಒಂದೇ ಸೈನ್ಯ ಆಗಬೇಕು ಅಂತ ಇತ್ತು. ಎಷ್ಟು ವರ್ಷದಲ್ಲಿ? ಸೈನ್ಯ 2 ವರ್ಷ ಅಂತು, ಆರ್‌ಎಸ್‌ಎಫ್ 10 ವರ್ಷ ಅಂತು. ಆ ನಡುವಿನ ಕಾಲದಲ್ಲಿ ಹೆಮೆಡ್ತಿ ಯಾರ ಮಾತು ಕೇಳಬೇಕು, ಬುರ್ಹಾನ್ ಮಾತಾ ಅಥವಾ ನಾಗರಿಕ ಮುಖ್ಯಸ್ಥರ ಮಾತಾ? ಮೇಲ್ನೋಟಕ್ಕೆ ಆಫೀಸ್ ತಕರಾರು ಥರ ಕಾಣುತ್ತೆ. ಆದ್ರೆ ಸೇರ್ಕೊಂಡ್ರೆ ಹೆಮೆಡ್ತಿಗೆ ಗಣಿ, ಹುಡುಗರು, ಜೀವ ಮೂರೂ ಹೋಗಬಹುದು, ಸೇರದೇ ಇದ್ರೆ ಸೈನ್ಯಕ್ಕೆ ತನ್ನಷ್ಟೇ ಬಲದ ಪಡೆ ರಾಜಧಾನೀಲಿ ಶಾಶ್ವತ. 2023ರ ಏಪ್ರಿಲ್ 15, ರಂಜಾನ್ ಉಪವಾಸದ ಶನಿವಾರ ಬೆಳಗ್ಗೆ ಗುಂಡಿನ ಸದ್ದು ಶುರುವಾಯ್ತು.

ಆರ್‌ಎಸ್‌ಎಫ್ ಹೊರಗಿಂದ ನಗರಕ್ಕೆ ನುಗ್ಗಬೇಕಾಗಿರ್ಲಿಲ್ಲ, ಅಧ್ಯಕ್ಷರ ಅರಮನೆ, ಏರ್‌ಪೋರ್ಟ್ ಕಾವಲಿಗೆ ಅಂತ ಅವರು ಮೊದಲೇ ಒಳಗಿದ್ರು. ಅವರ ಸಂಖ್ಯೆ ಸುಮಾರು 1 ಲಕ್ಷ ಇರಬಹುದು ಅಂತ ಆಗ ಅಂದಾಜಿತ್ತು. ಸೈನ್ಯದ ಹತ್ರ ವಿಮಾನ ಇತ್ತು, ಗಲ್ಲಿ ಗಲ್ಲೀಲಿ ಹೋರಾಡೋ ಕಾಲಾಳು ಸಾಕಷ್ಟು ಇರ್ಲಿಲ್ಲ, 20 ವರ್ಷದ ಗುತ್ತಿಗೆ ಯುದ್ಧದ ಫಲ ಅದು. ಹಾಗಾಗಿ ಏನಾಯ್ತು, ಜನ ವಾಸ ಇರೋ ಬಡಾವಣೆಗಳ ಮೇಲೆ ಸೈನ್ಯ ಮೇಲಿಂದ ಬಾಂಬ್ ಹಾಕ್ತು, ಕೆಳಗೆ ಆರ್‌ಎಸ್‌ಎಫ್ ಮನೆ ಮನೆ ಹೊಕ್ಕು ಲೂಟಿ, ಅತ್ಯಾಚಾರ ಮಾಡ್ತು. ಸೇನಾ ಮುಖ್ಯಸ್ಥ ಬುರ್ಹಾನ್ ತಮ್ಮದೇ ಕೇಂದ್ರ ಕಚೇರೀಲಿ ಆಗಸ್ಟ್‌ವರೆಗೂ ಮುತ್ತಿಗೆಯೊಳಗೆ ಇದ್ರು. ಪೊಲೀಸರು? ಬೀದಿಯಿಂದ ಮಾಯ ಆದ್ರು. ಜೈಲುಗಳು ಬಾಗಿಲು ತೆಗೆದ್ವು, ಡಾರ್ಫುರ್ ಅಪರಾಧಗಳಿಗೆ ಹೇಗ್ ಕೋರ್ಟಿಗೆ ಬೇಕಾಗಿದ್ದ ಅಹ್ಮದ್ ಹಾರೂನ್ ಕೂಡ ಕೋಬರ್ ಜೈಲಿಂದ ಹೊರಗೆ ಬಂದ. ಅಬು ತೀರಾ ಮಾತ್ರ ಸೈನ್ಯದ ಕಡೆ ಯುದ್ಧಕ್ಕಿಳಿಯಿತು, ಜೂನ್‌ನಲ್ಲಿ ಖಾರ್ತೂಮ್ ದಕ್ಷಿಣದ ಅದರ ಮುಖ್ಯ ನೆಲೆನೇ ಆರ್‌ಎಸ್‌ಎಫ್ ಕೈಗೆ ಹೋಯ್ತು, ಅಲ್ಲಿದ್ದ ಆಯುಧಗಳ ಸಮೇತ.

ನಿಮ್ಮೂರ ಕಡೆಯೋರು ಸಿಕ್ಕಾಕ್ಕೊಂಡಿದ್ದು ಇದರ ಮಧ್ಯೆ. ಗಿಡಮೂಲಿಕೆ ಎಣ್ಣೆ, ಔಷಧಿ ಮಾರ್ಕೊಂಡು ಆಫ್ರಿಕಾದ ದೇಶ ದೇಶ ತಿರುಗೋ ಹಕ್ಕಿಪಿಕ್ಕಿ ಜನರಲ್ಲಿ ಒಂದಷ್ಟು ಮಂದಿ ಆಗ ಇದ್ದಿದ್ದು ಎಲ್ ಫಾಶರ್‌ನಲ್ಲೇ, 2003ರ ಏರ್‌ಪೋರ್ಟ್ ದಾಳಿ ಅಂದ್ನಲ್ಲ, ಅದೇ ಊರು. ಊಟ ನೀರಿಲ್ಲದೆ ಕೂತಿದಾರೆ ಅಂತ ಇಲ್ಲಿ ಸುದ್ದಿ ಆಯ್ತು, ಚುನಾವಣೆ ಹೊತ್ತು, ರಾಜಕಾರಣಿಗಳ ಮಧ್ಯೆ ಟ್ವಿಟರ್‌ನಲ್ಲಿ ಮಾತಿಗೆ ಮಾತು ಬೆಳೀತು. ಏಪ್ರಿಲ್ 24ಕ್ಕೆ ಶುರುವಾದ ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್‌ನಿಂದ ನೌಕಾಪಡೆ ಹಡಗು, ವಾಯುಪಡೆ ವಿಮಾನದಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ಅಂತ ಒಟ್ಟು 3,862 ಜನರನ್ನ ಕರ್ಕೊಂಡು ಬಂದ್ರು. ಖಾರ್ತೂಮ್ ಉತ್ತರದ ವಾದಿ ಸೈದ್ನಾ ಅನ್ನೋ ಸೇನಾ ರನ್‌ವೇಯಲ್ಲಿ, ಲೈಟ್ ಇಲ್ಲ, ಇಂಧನ ಇಲ್ಲ, ರಾತ್ರಿ ಹೊತ್ತು ಸಿ-130ಜೆ ಇಳಿಸಿ 121 ಜನರನ್ನ ಎತ್ಕೊಂಡು ಬಂದಿದ್ದು ನಮ್ಮ ವಾಯುಪಡೆಯ ದೊಡ್ಡ ಕೆಲಸಗಳಲ್ಲಿ ಒಂದು ಅಂತ ನಾನು ಯಾವತ್ತೂ ಹೇಳ್ತೀನಿ.

ಎಲ್ ಫಾಶರ್‌ನ ಜನಕ್ಕೆ ಅಂಥ ಹಡಗು ಬರ್ಲಿಲ್ಲ. 2023ರಲ್ಲೇ ಪಶ್ಚಿಮ ಡಾರ್ಫುರ್‌ನ ಎಲ್ ಜೆನೀನಾದಲ್ಲಿ ಮಸಾಲಿತ್ ಬುಡಕಟ್ಟಿನ ಜನರ ಹತ್ಯಾಕಾಂಡ ಆಯ್ತು, ವಿಶ್ವಸಂಸ್ಥೆಯ ತಜ್ಞರ ವರದಿಯಲ್ಲಿ ಆ ಒಂದೇ ಊರಲ್ಲಿ ಸತ್ತೋರು 10ರಿಂದ 15 ಸಾವಿರ ಅಂತಿದೆ. 2024ರ ಮೇನಿಂದ ಎಲ್ ಫಾಶರ್‌ಗೆ ಮುತ್ತಿಗೆ, ಸುತ್ತ ಮಣ್ಣಿನ ಗೋಡೆ ಎಬ್ಬಿಸಿ ಊಟ ಒಳಗೆ ಹೋಗದ ಹಾಗೆ, ಜನ ದನಕ್ಕೆ ಹಾಕೋ ಹಿಂಡಿ ತಿಂದು ಬದುಕಿದ್ರು. 2025ರ ಅಕ್ಟೋಬರ್ 26ಕ್ಕೆ ಸೈನ್ಯದ 6ನೇ ಡಿವಿಜನ್ ಕೇಂದ್ರ ಬಿದ್ದು ಊರು ಆರ್‌ಎಸ್‌ಎಫ್ ಕೈಗೆ ಹೋಯ್ತು, ಆಮೇಲೆ ನಡೆದ ಕೊಲೆಗಳನ್ನ ಮಾಡಿದೋರೇ ಮೊಬೈಲಲ್ಲಿ ವಿಡಿಯೋ ಮಾಡಿ ಹಾಕಿದ್ರು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆ ಒಂದರಲ್ಲೇ 460ಕ್ಕೂ ಹೆಚ್ಚು ಜನ ಸತ್ರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತು. ಇದನ್ನ ಬರೆಯುವಾಗ ಕೈ ನಿಲ್ಲುತ್ತೆ. ಜಗತ್ತು ಇದನ್ನ ಒಂದೂವರೆ ವರ್ಷ ಸ್ಯಾಟಲೈಟ್ ಫೋಟೋದಲ್ಲಿ ನೋಡ್ತಾನೇ ಇತ್ತು, ಮುಂದೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು.

ಆರ್‌ಎಸ್‌ಎಫ್‌ಗೆ ಆಯುಧ ಯುಎಇಯಿಂದ ಬರುತ್ತೆ ಅನ್ನೋ ಆರೋಪ ಬಲವಾಗಿದೆ, ಯುಎಇ ಇಲ್ಲ ಅನ್ನುತ್ತೆ. ಸೈನ್ಯದ ಬೆನ್ನಿಗೆ ಈಜಿಪ್ಟ್ ಇದೆ, ಇರಾನ್ ಮತ್ತೆ ಟರ್ಕಿಯ ಡ್ರೋನ್‌ಗಳು ಅದರ ಹತ್ರ ಬಂದಿವೆ. ಇದು ಬೇರೆಯೇ ದೊಡ್ಡ ವಿಷಯ, ಇಲ್ಲಿ ಎಳೆಯಲ್ಲ.

ಈಗ ನಿಮ್ಮ ಕೊನೇ ಪ್ರಶ್ನೆಗಳು. ಆಫ್ರಿಕಾ ಪೂರ್ತಿ ಹೀಗಾ ಅಂದ್ರೆ ಖಂಡಿತ ಅಲ್ಲ. ಸೆನೆಗಲ್‌ನಲ್ಲಿ 1960ರಿಂದ ಒಂದೂ ಕ್ಷಿಪ್ರಕ್ರಾಂತಿ ಗೆದ್ದಿಲ್ಲ. ಬೋಟ್ಸ್ವಾನಾ ಸ್ವಾತಂತ್ರ್ಯ ಬಂದು ಹತ್ತು ವರ್ಷದ ಮೇಲೆ, 1977ರಲ್ಲಿ, ಸೈನ್ಯ ಕಟ್ಟಿತು, ಅಲ್ಲಿ ಸೈನ್ಯ ಯಾವತ್ತೂ ಅಧಿಕಾರಕ್ಕೆ ಕೈ ಹಾಕಿಲ್ಲ. ಪಡೆಗಳನ್ನ ಸೇರಿಸೋದೇ ಆಗಲ್ಲ ಅನ್ನೋರಿಗೆ ದಕ್ಷಿಣ ಆಫ್ರಿಕಾ ನೋಡಿ ಅಂತೀನಿ: 1994ರಲ್ಲಿ ಬಿಳಿಯರ ಸರ್ಕಾರದ ಸೈನ್ಯ, ಅದರ ವಿರುದ್ಧ ಬಂದೂಕು ಹಿಡಿದಿದ್ದ ಮಂಡೇಲಾ ಪಕ್ಷದ ಪಡೆ, ಪ್ಯಾನ್ ಆಫ್ರಿಕನಿಸ್ಟ್ ಪಡೆ, ಕರಿಯರಿಗೆ ಅಂತ ಬಿಳಿಯರ ಸರ್ಕಾರ ಬೇರೆ ಮಾಡಿಟ್ಟಿದ್ದ ನಾಲ್ಕು ಬಂತುಸ್ತಾನ್ ಸೀಮೆಗಳ ಪಡೆ, ಒಟ್ಟು ಏಳು ಪಡೆ ಸೇರಿ ಒಂದೇ ಸೈನ್ಯ ಆಯ್ತು. ಮುನಿಸು, ಗಲಾಟೆ, ರ‍್ಯಾಂಕ್ ಜಗಳ ಎಲ್ಲ ಇತ್ತು, ಆದ್ರೆ ಸಂಬಳ ಒಂದೇ ಖಜಾನೆಯಿಂದ, ಮೇಲೆ ಚುನಾಯಿತ ಸರ್ಕಾರ, ಯಾವ ಕಮಾಂಡರ್‌ಗೂ ಸ್ವಂತ ಗಣಿ ಇರ್ಲಿಲ್ಲ.

ಸುಡಾನ್ ಅನುಭವ ಉಲ್ಟಾ. 1972ರ ಅಡಿಸ್ ಅಬಾಬಾ ಒಪ್ಪಂದದಲ್ಲಿ ದಕ್ಷಿಣದ ಬಂಡುಕೋರರನ್ನ ಸೈನ್ಯಕ್ಕೆ ಸೇರಿಸಿದ್ರು, ಹತ್ತು ವರ್ಷ ಹೇಗೋ ನಡೀತು, ಅವರನ್ನ ಉತ್ತರಕ್ಕೆ ವರ್ಗ ಮಾಡೋಕೆ ಹೊರಟಾಗ 1983ರಲ್ಲಿ ದಕ್ಷಿಣದ ಬೋರ್ ಅನ್ನೋ ಊರಲ್ಲಿ ದಂಗೆ, ಅಲ್ಲಿಂದ ಇನ್ನೂ 22 ವರ್ಷ ಯುದ್ಧ. 2005ರ ಒಪ್ಪಂದದಲ್ಲಿ ಎರಡೂ ಕಡೆಯೋರು ಸೇರಿದ ಜಂಟಿ ತುಕಡಿಗಳನ್ನ ಮಾಡಿದ್ರು, ಹೆಸರಿಗೆ ಜಂಟಿ, ಒಳಗೆ ಬೇರೆ ಬೇರೆ, ಮಲಕಾಲ್‌ನಲ್ಲಿ ಆ ತುಕಡಿಯೋರೇ ತಮ್ಮತಮ್ಮೊಳಗೆ ಗುಂಡು ಹಾರಿಸಿಕೊಂಡ್ರು. 2011ರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವೇ ಆಯ್ತು.

ಇವತ್ತು ನನ್ನ ಚಿಂತೆ ಆರ್‌ಎಸ್‌ಎಫ್ ಒಂದರ ಬಗ್ಗೆ ಅಲ್ಲ. ಕಾಲಾಳು ಕೊರತೆ ತುಂಬೋಕೆ ಸೈನ್ಯ ಈ ಯುದ್ಧದಲ್ಲೂ ಮಾಡಿದ್ದು ಅದೇ ಹಳೇ ಕೆಲಸ. 2003ರಲ್ಲಿ ಸೈನ್ಯದ ವಿರುದ್ಧ ಎದ್ದಿದ್ದ ಡಾರ್ಫುರ್ ಬಂಡುಕೋರರು, ಅಂದ್ರೆ ಮಿನ್ನಿ ಮಿನ್ನಾವಿ ಮತ್ತೆ ಜಿಬ್ರೀಲ್ ಇಬ್ರಾಹಿಂ ಪಡೆಗಳು, ಈಗ ಸೈನ್ಯದ ಜೊತೆ "ಜಂಟಿ ಪಡೆ" ಅಂತ ಹೋರಾಡ್ತಿವೆ. ಬಶೀರ್ ಕಾಲದ ಇಸ್ಲಾಮಿಸ್ಟರ ಬರಾ ಇಬ್ನ್ ಮಾಲಿಕ್ ಬೆಟಾಲಿಯನ್ ಇದೆ. ಗೆಜೀರಾ ಸೀಮೇಲಿ ಆರ್‌ಎಸ್‌ಎಫ್ ಕಮಾಂಡರ್ ಆಗಿದ್ದ ಅಬು ಅಖ್ಲಾ ಕೈಕಲ್ 2024ರ ಅಕ್ಟೋಬರ್‌ನಲ್ಲಿ ತನ್ನ ಜನರ ಸಮೇತ ಸೈನ್ಯದ ಕಡೆ ಬಂದ, ಆತನ ಪಡೆ ಹಾಗೇ ಇದೆ. 2025ರ ಜನವರೀಲಿ ವಾದ್ ಮದನಿ, ಮಾರ್ಚ್‌ನಲ್ಲಿ ಖಾರ್ತೂಮ್ ಸೈನ್ಯಕ್ಕೆ ವಾಪಸ್ ಸಿಕ್ಕಿದ್ದು ಇವರೆಲ್ಲರ ಬಲದಿಂದ. ಗೆದ್ದ ಊರುಗಳಲ್ಲಿ ಆರ್‌ಎಸ್‌ಎಫ್‌ಗೆ ಸಹಾಯ ಮಾಡಿದೋರು ಅಂತ ಹೇಳಿ ಜನರನ್ನ ಕೊಂದ ಆರೋಪಗಳೂ ಇವರ ಮೇಲಿವೆ.

2025ರ ಆಗಸ್ಟ್‌ನಲ್ಲಿ ಬುರ್ಹಾನ್ ಒಂದು ಆದೇಶ ಹೊರಡಿಸಿದ್ರು, ಸೈನ್ಯದ ಜೊತೆ ಹೋರಾಡೋ ಎಲ್ಲ ಪಡೆಗಳೂ 2007ರ ಸೇನಾ ಕಾಯ್ದೆಗೆ ಒಳಪಡ್ತವೆ ಅಂತ. ಕಾಗದದ ಮೇಲೆ ಒಳ್ಳೇದೇ, ಆದ್ರೆ ಆರ್‌ಎಸ್‌ಎಫ್ ಕೂಡ 2017ರಿಂದ 2019ರವರೆಗೆ ಕಾಗದದ ಮೇಲೆ ಸೈನ್ಯದ ಕಾನೂನಿನ ಕೆಳಗೇ ಇತ್ತು. ಹಾಗಾಗಿ ಯುದ್ಧ ನಿಂತ್ರೆ ಒಂದೇ ಸೈನ್ಯ ಆಗುತ್ತಾ ಅಂದ್ರೆ, ಸದ್ಯಕ್ಕೆ ಅಂಥ ಲಕ್ಷಣ ನನಗೆ ಕಾಣ್ತಿಲ್ಲ. ಮುಂದೆ ಸುದ್ದಿ ಓದುವಾಗ ಯಾರು ಯಾವ ಊರು ಹಿಡಿದ್ರು ಅನ್ನೋದ್ರ ಜೊತೆಗೆ ಇದನ್ನೂ ಹುಡುಕಿ: ಮಿನ್ನಾವಿ, ಕೈಕಲ್ ಹುಡುಗರ ಹೆಸರು ಸೈನ್ಯದ ಸಂಬಳ ಪಟ್ಟಿಗೆ ಬಂತಾ, ಅವರಲ್ಲಿ ಒಬ್ಬ ಕಮಾಂಡರ್‌ನಾದ್ರೂ ಅವನ ಸೀಮೆ ಬಿಡಿಸಿ ಬೇರೆ ಕಡೆ ವರ್ಗ ಮಾಡಿದ್ರಾ, ಸೈನ್ಯದ ಕಂಪನಿಗಳ ಲೆಕ್ಕ ಹಣಕಾಸು ಇಲಾಖೆ ಕೈಗೆ ಹೋಯ್ತಾ. ಅಂಥ ಸುದ್ದಿ ಸಣ್ಣದಾಗಿ ಒಳಪುಟದಲ್ಲಿ ಬಂದ್ರೂ ಅದನ್ನ ಕತ್ತರಿಸಿ ಇಟ್ಕೊಳ್ಳಿ.